ಕತ್ತರಿಸಿದ ಕೆಂಪು ದಾರ

ಅರ್ಥಶಾಸ್ತ್ರವನ್ನು ಅಂಕಿಗಳ ಒಣ ವಿದ್ಯೆಯೆಂದು ಭಾವಿಸಿದ್ದ ನಮ್ಮ ಸೀಮೆಯಲ್ಲಿ, ಅದನ್ನು ಮನುಷ್ಯರ ಬದುಕಿನ ಕಥೆಯಾಗಿ ಕಲಿಸಿದವರು ಪ್ರೊ. ಅಯ್ಯಮ್ಮನವರು. ಮಸ್ಕಿಯಲ್ಲಿ ಹುಟ್ಟಿ, ಲಿಂಗಸುಗೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ.

ಅವರ ಅಧ್ಯಯನದ ವಿಷಯ ಜಗತ್ತಿನ ಗೋಧಿ ರಫ್ತು. ನಾನು ಮೊದಲ ವರ್ಷದ ಬಿ.ಎ.ಯಲ್ಲಿದ್ದಾಗ ಸಹಪಾಠಿ ಗಾದಿಲಿಂಗ ಕೇಳಿದ್ದ: “ನಮ್ಮ ಕಡಿ ಜ್ವಾಳ ಐತಿ, ಭತ್ತ ಐತಿ. ಆ ದೂರದ ಗೋಧಿ ನಮಗ್ಯಾಕ್ರೀ ಮೇಡಂ?”

“ಅಲ್ಲಿ ಹಡಗು ನಿಂತ್ರ ಇಲ್ಲಿ ಹಿಟ್ಟಿನ ದರ ಏರತೈತಪ್ಪ. ಚಪಾತಿ ತಿನ್ನೋ ಮುಂದ ನಿಮ್ಮವ್ವನ್ನ ಕೇಳು,” ಎಂದಿದ್ದರು.

ಎರಡನೆಯ ವರ್ಷದಲ್ಲಿ ನನಗೆ ಮದುವೆಯಾಯಿತು. ಆರು ವರ್ಷಗಳ ನಂತರ ಗಂಡನ ಮನೆ ಬಿಟ್ಟು ಮುದಗಲ್ಲಿನ ತವರಿಗೆ ಬಂದವಳನ್ನು ಮೇಡಂ ಏನೊಂದೂ ಕೇಳದೆ ಮತ್ತೆ ತರಗತಿಯಲ್ಲಿ ಕೂರಿಸಿಕೊಂಡರು. ಯಾವ ದೇಶ ವರ್ಷಕ್ಕೆಷ್ಟು ಗೋಧಿ ಮಾರಿತೆಂದು ಏರಿಳಿಯುವ ಗೆರೆಗಳಲ್ಲಿ ತೋರಿಸುತ್ತಿದ್ದ ಗೋಡೆಯ ಕಾಗದದ ನಕ್ಷೆಯನ್ನು ಆ ವರ್ಷ ಗೆದ್ದಲು ತಿಂದಿತ್ತು. ಅವರು ಇಳಕಲ್ಲಿನ ಮಗ್ಗಗಳಲ್ಲಿ ಉಳಿದ ಬಣ್ಣದ ದಾರಗಳನ್ನು ತರಿಸಿ, ಬಿಳಿ ಬಟ್ಟೆಯ ಮೇಲೆ ಒಂದೊಂದು ದೇಶಕ್ಕೆ ಒಂದೊಂದು ಬಣ್ಣದಂತೆ ಆ ಗೆರೆಗಳನ್ನು ನಮ್ಮಿಂದ ಹೊಲಿಸಿದರು. ಅಮೆರಿಕದ ನೀಲಿ, ಕೆನಡಾದ ಹಸಿರು, ಆಸ್ಟ್ರೇಲಿಯಾದ ಹಳದಿ. ನನ್ನ ಪಾಲಿಗೆ ಬಂದದ್ದು ಕೆಂಪು. ಗೋಧಿಯನ್ನು ಮಾರಿದ್ದಕ್ಕಿಂತ ಹೆಚ್ಚು ಕೊಂಡು ತಿಂದ ಸೋವಿಯತ್ ಒಕ್ಕೂಟದ ಗೆರೆಯನ್ನು ನಾನು ಹಾಗೇ ಎಳೆದು, ಆಮೇಲಿನ ರಷ್ಯಾಕ್ಕೆ ಕೂಡಿಸಿಬಿಟ್ಟೆ.

“ನಡುವ ಒಂದು ದೇಶನ ಒಡದು ಹೋಗೈತಿ. ಏನೂ ಆಗಿಲ್ಲನ್ನಂಗ ಹೊಲದೀಯಲ್ಲ? ಬಿಚ್ಚು. ಕತ್ತರಿಸಿ ಹೊಸ ಗಂಟು ಹಾಕು,” ಎಂದರು ಮೇಡಂ.

ಎಂ.ಎ. ಮುಗಿಸಿ ಸಿಂಧನೂರಿನ ಕಾಲೇಜೊಂದರ ಹುದ್ದೆಗೆ ಅರ್ಜಿ ಹಾಕುವಾಗ ಆ ಆರು ವರ್ಷಗಳು ನನ್ನನ್ನು ಹೆದರಿಸಿದವು. ಬಿಟ್ಟುಬಂದವಳೆಂದು ತಿಳಿದರೆ ಯಾರು ಕೆಲಸ ಕೊಟ್ಟಾರು?

“ಮೇಡಂ, ಆ ಆರು ವರ್ಷ ಮನ್ಯಾಗ ಟ್ಯೂಷನ್ ಹೇಳ್ತಿದ್ದಳು ಅಂತ ಒಂದು ಪತ್ರ ಬರದು ಕೊಡ್ರಿ,” ಎಂದು ಬೇಡಿದೆ.

ಅವರು ಎದ್ದು ಬಟ್ಟೆಯ ಮುಂದೆ ನಿಂತರು. “ಇಲ್ಲಿ ಏನು ಮಾಡಿದಿ, ಹುಸೇನಮ್ಮ?”

“ದಾರ ಕತ್ತರಿಸಿದೆರೀ.”

“ಅದರಿಂದ ಮುಂದಿನ ಗೆರಿ ಸಣ್ಣದಾತೇನು?”

ಮರುದಿನ ಕೊಟ್ಟ ಪತ್ರದಲ್ಲಿ ಹೀಗಿತ್ತು: ‘ಇವರ ಓದು ಆರು ವರ್ಷ ನಿಂತಿತ್ತು. ಆಮೇಲೆ ಮುಂದುವರಿಯಿತು. ಎರಡನ್ನೂ ನಾನು ಬಲ್ಲೆ.’ ಸಂದರ್ಶನದಲ್ಲಿ ಆ ವರ್ಷಗಳ ಬಗ್ಗೆ ಕೇಳಿದರು. ಮದುವೆಯಾಗಿತ್ತು, ಅಲ್ಲಿ ಬಾಳಲಾಗಲಿಲ್ಲ, ಹೊರಗೆ ಬಂದೆ ಎಂದೆ. ತವರಿನಲ್ಲಿ ಅವ್ವನೆದುರಿಗೂ ಆಡದ ಮಾತು ಅದು. ಕೆಲಸ ಸಿಕ್ಕಿತು, ಇಂದಿಗೂ ಅಲ್ಲೇ ಪಾಠ ಹೇಳುತ್ತಿದ್ದೇನೆ.

ಕಳೆದ ವಾರ ಆ ಬಟ್ಟೆಯನ್ನು ನೋಡಿಬಂದೆ. ವರ್ಷವರ್ಷವೂ ಹೊಸ ಕೈಗಳು ಹೊಲಿದಿವೆ. ಒಂದು ಕಾಲಕ್ಕೆ ಎಲ್ಲಕ್ಕೂ ಮೇಲಿದ್ದ ಅಮೆರಿಕದ ನೀಲಿ ಇಳಿದಿದೆ. ಮುರಿದಲ್ಲಿಂದ ಹೊರಟ ಕೆಂಪು ಅದನ್ನು ದಾಟಿ ಮೇಲೇರಿದೆ. ನನ್ನ ಒರಟು ಗಂಟು ಇನ್ನೂ ಕಾಣುತ್ತದೆ.

ಬಟ್ಟೆಯ ಬಲಕ್ಕೆ ಇನ್ನೂ ಒಂದು ಮೊಳ ಖಾಲಿ ಇದೆ. ಅದು ತುಂಬುವವರೆಗೂ ನಮ್ಮ ಮೇಡಂ ಆರೋಗ್ಯದಿಂದಿರಲಿ; ವರ್ಷಕ್ಕೊಮ್ಮೆ ಬಂದು, ಸೂಜಿ ಹಿಡಿದ ಹುಡುಗಿಯ ಪಕ್ಕದಲ್ಲಿ ಕುಳಿತು, ಎಲ್ಲಿ ಕತ್ತರಿಸಬೇಕೆಂದು ಹೇಳುತ್ತಿರಲಿ.