ತಗಡಮ್ಮನಿಗೆ ಕಣ್ಣಿಟ್ಟವರು

ಓನರಮ್ಮನ ಎಡಗಣ್ಣಿನಲ್ಲಿ ಪೊರೆ ಬಂದಿತ್ತು, ಮಜ್ಜಿಗೆ ಹನಿ ಒಣಗಿದ ಹಾಗೆ. ಅದಕ್ಕೇ ಅವರು ಏನನ್ನೇ ಆಗಲಿ ಕೋಳಿಯಂತೆ ತಲೆ ಓರೆ ಮಾಡಿ ಬಲಗಣ್ಣಿನಲ್ಲಿ ನೋಡುತ್ತಿದ್ದರು. ಬಾಡಿಗೆಗೆ ಮನೆ ಕೇಳಿಕೊಂಡು ಹೋದ ದಿನ ನನ್ನನ್ನೂ ಹಾಗೇ ನೋಡಿ, "ಏನ್ ಕೆಲ್ಸ?" ಎಂದರು.

"ಕಲಾವಿದ ಅಮ್ಮ."

"ಅಂದ್ರೆ?"

"ಬೋರ್ಡ್ ಬರೀತೀನಿ."

"ಅಂಗ್ ಯೋಳು ಮತ್ತೆ," ಎಂದು ಬೀಗದ ಕೈ ಕೊಟ್ಟರು.

ಅದು ಪೀಣ್ಯದ ಅಂಚಿನ ಹಳ್ಳಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರ ಹೊಲಗಳಿದ್ದ ಕಡೆಯೆಲ್ಲ ಕಾರ್ಖಾನೆಯ ಶೆಡ್ಡುಗಳು ಎದ್ದಿದ್ದವು. ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದರು. ನಾನು ಶಿಲ್ಪ ಕಲಿತು ಬಂದವನು, ಮಾಡುತ್ತಿದ್ದುದು ಮಾತ್ರ ಫ್ಯಾಕ್ಟರಿ ಗೋಡೆಗಳ ಮೇಲೆ 'ಅಪಾಯ' ಎಂದು ಬರೆದು ಕೆಳಗೊಂದು ತಲೆಬುರುಡೆ ಬಿಡಿಸುವ ಕೆಲಸ. ಅಂಥವನು ಎಷ್ಟು ಸಿಡುಕನಾಗಿರಬೇಕೋ ಅಷ್ಟೇ ಸಿಡುಕನಾಗಿದ್ದೆ.

ನನ್ನ ಬಣ್ಣದ ವಾಸನೆಗೆ ಪಕ್ಕದ ಮನೆಯವರು ಜಗಳ ತೆಗೆದರು. ಓನರಮ್ಮ ನನ್ನಿಂದ ಮನೆ ಖಾಲಿ ಮಾಡಿಸಲಿಲ್ಲ. ಹಸು ಮಾರಿ ಖಾಲಿ ಬಿದ್ದಿದ್ದ ಕೊಟ್ಟಿಗೆ ತೋರಿಸಿ, "ಅಲ್ಲೋಗಿ ಏನಾರಾ ಮಾಡ್ಕೊ" ಎಂದರು. ನಾನು, ನನ್ನ ಜೊತೆ ಓದಿದ ಗೆಳೆಯನೊಬ್ಬ, ರಜಾ ದಿನಗಳಲ್ಲಿ ಒಬ್ಬ ವೆಲ್ಡರ್, ಮೂವರೂ ಅಲ್ಲಿ ಸೇರತೊಡಗಿದೆವು. ಮುದ್ದೆ ಉಳಿದರೆ ಮುದ್ದೆ, ಇಲ್ಲದಿದ್ದರೆ ಮಜ್ಜಿಗೆ, ಎರಡೂ ಇಲ್ಲದ ದಿನ ಬೈಗುಳ, ಏನಾದರೊಂದು ಒಳಮನೆಯಿಂದ ಬರುತ್ತಿತ್ತು.

ಅವರ ಒಂದು ಚಾಳಿ ಮಾತ್ರ ನನಗೆ ಮೈಯೆಲ್ಲ ಉರಿಸುತ್ತಿತ್ತು. ಬೆಳಗ್ಗೆ ಬಂದು, ನಾವು ಏನು ಮಾಡಿದ್ದರೂ ಸುತ್ತ ಒಂದು ಸಲ ನಡೆದು, "ಇದ್ರ ಕಣ್ಣೆಲ್ಲಿ?" ಎನ್ನುತ್ತಿದ್ದರು.

"ಇದು ಅಲೆ ಅಮ್ಮ, ನೀರಿನ ಅಲೆ. ಇದಕ್ಕೆಂಥಾ ಕಣ್ಣು?"

"ಕಣ್ಣಿಲ್ದಿದ್ರೆ ಅದು ಯಾರ್‍ನ ನೋಡ್ತದೆ?"

ನೋಡಬೇಕಾದದ್ದು ಜನ, ಅದಲ್ಲ ಎಂದು ತಲೆ ಚಚ್ಚಿಕೊಂಡು ಹೇಳಿದ್ದೇನೆ. ಮಾರನೆಯ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ.

ಆ ವರ್ಷ ಕಾರ್ಮಿಕರ ಕನ್ನಡ ಸಂಘದವರು ಮೈದಾನದಲ್ಲಿ ರಾಜ್ಯೋತ್ಸವ ಮಾಡುವಾಗ ನಮಗೂ ಒಂದು ಮೂಲೆ ಕೊಡಿ ಎಂದು ಕೇಳಿಕೊಂಡೆವು. ಬೋರ್ಡು ಬಿಟ್ಟು ಬೇರೆ ಏನನ್ನಾದರೂ ನಾಲ್ಕು ಜನರ ಕಣ್ಣಿಗೆ ಬೀಳಿಸುವ ಆಸೆ ನಮ್ಮದು. ಅಧ್ಯಕ್ಷರು ಒಪ್ಪಿದರು. ಭುವನೇಶ್ವರಿಯ ವಿಗ್ರಹವನ್ನೇ ಮಾಡುತ್ತೇವೆಂದು ಅವರೇ ಅಂದುಕೊಂಡರು. ನಾವು ಮಾಡಿದ್ದು ಒಂದು ಮರ. ಫ್ಯಾಕ್ಟರಿಯವರು ವಾಷರ್ ಬಿಲ್ಲೆಗಳನ್ನು ಹೊಡೆದು ತೆಗೆದು ಬಿಸಾಡಿದ, ಮೈತುಂಬ ದುಂಡು ತೂತುಗಳಿದ್ದ ತಗಡುಗಳನ್ನು ಗುಜರಿಯಿಂದ ತಂದು ಎಲೆ ಕತ್ತರಿಸಿದೆವು, ಪೈಪುಗಳಿಂದ ಕೊಂಬೆ ಬೆಸೆದೆವು. ಬಿಸಿಲಿಗೆ ಆ ತೂತುಗಳಿಂದ ಬೆಳಕು ದುಂಡುದುಂಡಾಗಿ ನೆಲಕ್ಕೆ ಬೀಳಬೇಕು, ಜನ ಅದರಡಿ ನಿಂತು ತಲೆಯೆತ್ತಿ ನೋಡಬೇಕು. ನನಗೆ ಬೇಕಿದ್ದುದು ಅಷ್ಟೇ.

ಮೊದಲ ಕೊಂಬೆಯನ್ನು ಅಂಗಳದಲ್ಲಿ ಎತ್ತಿ ನಿಲ್ಲಿಸಿದಾಗ ಓನರಮ್ಮ ಬಂದು ಅದರ ಕೆಳಗೆ ನಿಂತರು. ಸೀರೆಯ ಮೇಲೆಲ್ಲ ಬೆಳಕಿನ ಬಿಲ್ಲೆಗಳು. ಅಂಗೈ ಚಾಚಿದರು, ಒಂದು ಬಿಲ್ಲೆ ಅದರೊಳಗೆ ಬಿತ್ತು. ಮುಷ್ಟಿ ಮುಚ್ಚಿದರು, ಮತ್ತೆ ಬಿಚ್ಚಿದರು. "ಬಿಸ್ಲನ್ನ ಜರಡಿ ಇಡೀತೈತಲ್ಲೋ ಇದು!" ಎಂದರು. ಅವತ್ತು ಕಣ್ಣಿನ ಪ್ರಶ್ನೆ ಕೇಳಲಿಲ್ಲ.

ಮೈದಾನದಲ್ಲಿ ಮರ ನಿಂತಿದ್ದೇ ತಡ, ಅಧ್ಯಕ್ಷರು ಕೆಂಡವಾದರು. "ಏನ್ರೀ ಇದು? ಭುವನೇಶ್ವರಿ ಅಂದ್ರೆ ಗುಜರಿ ತಂದು ನಿಲ್ಸಿದ್ದೀರಲ್ರೀ! ಚೀಫ್ ಗೆಸ್ಟ್ ಮುಂದೆ ಮರ್ಯಾದೆ ಹೋಗಲ್ವಾ? ಬೆಳಗ್ಗೆ ಲಾರಿ ಕಳಿಸ್ತೀನಿ, ಎತ್ತಿಸ್ಬಿಡಿ." ಬೇಡಿಕೊಂಡೆ, ವಾದಿಸಿದೆ, ಒಂದೂ ನಾಟಲಿಲ್ಲ. ಮನೆಗೆ ಬಂದು ಓನರಮ್ಮನ ಮುಂದೆ ಇಡೀ ಸಂಘವನ್ನೇ ಶಪಿಸಿದೆ. ಅವರು ಕೇಳಿಸಿಕೊಂಡು ಎದ್ದು ಒಳಗೆ ಹೋದರು.

ಬೆಳಗ್ಗೆ ಮೈದಾನಕ್ಕೆ ಹೋದರೆ ಲಾರಿ ನಿಂತಿತ್ತು, ಹಮಾಲಿಗಳು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದರು. ಮರದ ಬೊಡ್ಡೆಗೆ ಅರಿಶಿನ ಬಳಿದು ಕುಂಕುಮ ಇಟ್ಟಾಗಿತ್ತು. ನಡುವೆ ಜೇನುಮೇಣದಲ್ಲಿ ಅಂಟಿಸಿದ ಎರಡು ಬೆಳ್ಳಿಯ ಕಣ್ಣುಗಳು. ಓನರಮ್ಮನ ಮನೆದೇವರ ಕಲ್ಲಿಗಿದ್ದ ಕಣ್ಣುಗಳೇ ಅವು, ನನಗೆ ಗುರುತಿತ್ತು. ಅವರು ಕಾಯಿ ಒಡೆಯುತ್ತಿದ್ದರು. ಅಧ್ಯಕ್ಷರು ಸ್ಕೂಟರ್ ನಿಲ್ಲಿಸಿ ಓಡಿ ಬಂದರು.

"ಏನಮ್ಮಾ ಇದು?"

"ಅಮ್ಮ. ತಗಡಮ್ಮ. ಕಣ್ಣಿಟ್ಟಾಯ್ತು. ಕೀಳಂಗಿದ್ರೆ ಕೀಳಪ್ಪ, ನಾನ್ಯಾಕೆ ಬ್ಯಾಡ ಅನ್ಲಿ?"

ಅಧ್ಯಕ್ಷರು ಒಂದು ಕ್ಷಣ ಆ ಕಣ್ಣುಗಳನ್ನು ನೋಡಿದರು. ಆಮೇಲೆ ಅವರೂ ಚಪ್ಪಲಿ ಬಿಟ್ಟರು. ಲಾರಿ ಖಾಲಿ ಹೋಯಿತು. ಸಂಜೆ ಚೀಫ್ ಗೆಸ್ಟ್ ಮೊದಲ ಹಾರ ಹಾಕಿದ್ದು ನಮ್ಮ ಗುಜರಿಗೇ.

ನನಗೆ ಸಂತೋಷವಾಯಿತೇ? ಕರ್ಮ! ಜನ ಸಾಲುಗಟ್ಟಿ ಬಂದರು, ತಲೆ ಬಗ್ಗಿಸಿ ಸುತ್ತು ಹಾಕಿದರು. ಒಬ್ಬರೂ ತಲೆ ಎತ್ತಲಿಲ್ಲ. ನಾನು ಬೆರಳು ಕೊಯ್ದುಕೊಂಡು ಕತ್ತರಿಸಿದ ಎಲೆಗಳಿಗೆ ನಿಂಬೆಹಣ್ಣು ಚುಚ್ಚಿದರು. ಓನರಮ್ಮನ ಮೇಲೆ ಎಗರಾಡಿದೆ.

"ಅದು ಮರ ಕಣಮ್ಮಾ! ನೋಡ್ಲಿ ಅಂತ ಮಾಡಿದ್ದು, ಕೈ ಮುಗೀಲಿ ಅಂತಲ್ಲ!"

"ನಿಂತೈತಲ್ಲ. ನಿಂತಿದ್ರೆ ತಾನೆ ನೋಡಾದು?"

"ಒಬ್ಬರೂ ನೋಡ್ತಿಲ್ಲ!"

"ಅದು ಅವ್ರನ್ನ ನೋಡ್ತೈತೆ, ಬುಡು."

ಹಬ್ಬ ಮುಗಿದರೂ ಅದನ್ನು ಕದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಬಸ್ ಕಂಡಕ್ಟರುಗಳು "ತಗಡಮ್ಮ ಇಳೀರಿ" ಎಂದು ಕೂಗತೊಡಗಿದರು. ನಾವು ಮೂವರೂ ಚದುರಿದೆವು. ನಾನು ದೂರದ ಊರಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಹೋದೆ. ಬೆಂಗಳೂರಿಗೆ ಬಂದಾಗಲೆಲ್ಲ ಓನರಮ್ಮನ ಮನೆಗೆ ಹೋಗಿ ಮುದ್ದೆ ತಿಂದು, ಅದೇ ಜಗಳ ಆಡಿ ಬರುತ್ತಿದ್ದೆ.

ಒಂದು ಸಲ ಹೋದಾಗ ಸುದ್ದಿ ಕೇಳಿದೆ. ಸಂಘದವರು ತಗಡಮ್ಮನಿಗೆ ಗುಡಿ ಕಟ್ಟಿ ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕಿಸಲು ಹೊರಟಿದ್ದರಂತೆ. ಓನರಮ್ಮ ಅಡ್ಡ ನಿಂತು, ಅಮ್ಮ ಕನಸಲ್ಲಿ ಬಂದು ತನಗೆ ಬಿಸಿಲು ಬೇಕೆಂದು ಹೇಳಿದ್ದಾಳೆ, ಮೇಲೆ ಏನೂ ಕಟ್ಟಕೂಡದು ಎಂದರಂತೆ. ಎಲ್ಲರೂ ನಂಬಿದರಂತೆ.

"ನಿಜವಾಗ್ಲೂ ಕನಸಲ್ಲಿ ಬಂದಿದ್ಲಾ ಅಮ್ಮ?" ಎಂದು ಕೇಳಿದೆ.

ತಲೆ ಓರೆ ಮಾಡಿ ನೋಡಿದರು. "ಬಂದಿದ್ದೋನು ನೀನು ಕಣ್ಲಾ. ಮಕ ಊದುಸ್ಕೊಂಡು."

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ತಡವಾಗಿ. ನಾನು ಹೋಗುವಷ್ಟರಲ್ಲಿ ತಿಥಿಯೂ ಮುಗಿದಿತ್ತು, ತಗಡಮ್ಮನ ಮೇಲೆ ಮೋಲ್ಡೂ ಬಿದ್ದಿತ್ತು. ಸುತ್ತ ಗ್ರಿಲ್ಲು, ಹಾಡುಹಗಲಲ್ಲೇ ಉರಿಯುವ ಟ್ಯೂಬ್‌ಲೈಟು. ಎಲೆಗಳಿಗೆ ದಪ್ಪನಾಗಿ ಹಸಿರು ಪೇಂಟು ಬಳಿದಿದ್ದರು, ತೂತುಗಳೂ ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಇಷ್ಟು ದಿನ ಇದನ್ನು ತಡೆದು ನಿಲ್ಲಿಸಿದ್ದ ಜೀವ ಯಾವುದು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲವಲ್ಲ ಎಂದು ಸಂಕಟವಾಯಿತು.

"ಯಾರು ಮಾಡಿದ್ದು ಇದನ್ನ?" ಎಂದು ಪೂಜಾರಿಯನ್ನು ಕೇಳಿದೆ.

"ಮಾಡಿದ್ದಲ್ಲ ಸಾರ್, ಉದ್ಭವ," ಎಂದ.

ಬೊಡ್ಡೆಯ ಮೇಲೆ ಬೆಳ್ಳಿಯ ಕಣ್ಣುಗಳು ಹಾಗೇ ಇದ್ದವು. ಎಡಗಡೆಯದು ಮೇಣ ಸಡಿಲಾಗಿ ತುಸು ಓರೆಯಾಗಿತ್ತು. ನಾನು ಅಂಗೈ ಚಾಚಿದೆ. ಪೂಜಾರಿ ಒಂದು ಉದ್ಧರಣೆ ತೀರ್ಥ ಹಾಕಿದ.