ಕಾಗದದ ಇನ್ನೊಂದು ಮಗ್ಗುಲು

ಕಳೆದ ವಾರ ಮನೆಯ ತಲಬಾಗಿಲಿಗೆ ಬಣ್ಣ ಹಚ್ಚಿಸಿದೆವು. ಪೇಂಟರ್ ಡಬ್ಬಿಯ ಮುಚ್ಚಳ ತೆಗೆದು, ಅದಕ್ಕೆ ಅಗಸೆ ಎಣ್ಣೆ ಸುರಿದು, ಕಡ್ಡಿಯಿಂದ ತಿರುವತೊಡಗಿದ. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಹಸನು ಮಾಡುತ್ತಿದ್ದ ಜೋಳವನ್ನು ಮೊರದಲ್ಲೇ ಬಿಟ್ಟು ಎದ್ದು ಬಂದು ಕಟ್ಟೆಯ ಮೇಲೆ ಕೂತೆ. "ಯಾಕ ಆಯಿ, ವಾಸನಿಗೆ ತಲಿ ತಿರುಗಿತೇನು?" ಎಂದಳು ಮೊಮ್ಮಗಳು. ಹೂಂ ಎಂದೆ. ಪೂರ್ತಿ ಸುಳ್ಳೇನಲ್ಲ.

ನಮ್ಮ ಚಿತ್ರದ ಮಾಸ್ತರರ ಅಂಗಿಗೆ ಇದೇ ವಾಸನೆ ಇತ್ತು... ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಅವರು ಮೊದಲು ಶಿರಹಟ್ಟಿಯ ಶಾಲೆಯಲ್ಲಿದ್ದವರು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ ಊರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ ಹೋಯಿತು, ಊರು ಮುಂಬೈ ಸರ್ಕಾರಕ್ಕೆ ಸೇರಿತು, ಮಾಸ್ತರರು ಬೆಟಗೇರಿಗೆ ವರ್ಗವಾಗಿ ಬಂದರು. ಬರುವಾಗ ಒಂದು ಟ್ರಂಕು ತುಂಬ ಸಂಸ್ಥಾನದ ಹಳೆಯ ಫಾರಂಗಳನ್ನು ಹೊತ್ತು ತಂದಿದ್ದರು. ರಾಜರೇ ಇಲ್ಲದ ಮೇಲೆ ಅವು ರದ್ದಿ ಎಂದು ಕಚೇರಿಯವರು ಹೊರಗೆ ಒಗೆದಿದ್ದರಂತೆ. ಒಂದು ಮಗ್ಗುಲು ಮೋಹರು, ಮರಾಠಿ ಅಕ್ಷರ. ಇನ್ನೊಂದು ಮಗ್ಗುಲು ಬೆಳ್ಳಗೆ ಖಾಲಿ. ನಾವೆಲ್ಲ ಚಿತ್ರ ಕಲಿತದ್ದು ಆ ಖಾಲಿ ಮಗ್ಗುಲಿನ ಮೇಲೆಯೇ.

ಮಾಸ್ತರರು ನಮ್ಮ ಮನೆಯ ಹಿತ್ತಲಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಮದುವೆಯಾಗಿರಲಿಲ್ಲ. ಸಾಂಗಲಿ ಕಡೆ ಒಬ್ಬ ಅಣ್ಣ ಇದ್ದನೆಂದು ಕೇಳಿದ್ದೆ, ನೋಡಿದ್ದಿಲ್ಲ. ಮನೆಮಾತು ಮರಾಠಿಯಾದರೂ ಕನ್ನಡ ನಮಗಿಂತ ಜೋರಾಗಿ ಆಡುತ್ತಿದ್ದರು, ಸಿಟ್ಟು ಬಂದಾಗಲಂತೂ ಕನ್ನಡವೇ. ಆ ಸಿಟ್ಟು ಬರುತ್ತಿದ್ದದ್ದು ರಬ್ಬರಿನ ಮೇಲೆ. ಯಾರಾದರೂ ಗೆರೆ ಅಳಿಸಿದರೆ, "ಯಾಕ ಅಳಸ್ತಿ? ತಪ್ಪಿದ ಗೆರಿ ಇರ್ಲಿ. ಬಾಜೂಕ ಖರೆ ಗೆರಿ ಎಳಿ" ಎಂದು ರಬ್ಬರನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದರು. ಶಾಲೆಯ ಹಿಂದಿನ ಸಂದಿಯಲ್ಲಿ ರಬ್ಬರು ಆರಿಸಿಕೊಳ್ಳುವುದೇ ನಮಗೊಂದು ಆಟ. ಸಂಜೆ ಅಪ್ಪನ ಮಗ್ಗದ ಕುಣಿಯ ಪಕ್ಕ ಮಣೆ ಹಾಕಿಕೊಂಡು ಕೂತು ಸೀರೆಯ ಅಂಚಿನ ದಡಿಗೆ ಹೊಸ ಹೊಸ ನಮೂನೆ ಬರೆದುಕೊಡುತ್ತಿದ್ದರು. ಅಪ್ಪ ಬೈಯುವಂತೆ ಮಾಡಿ ಒಪ್ಪಿಕೊಳ್ಳುತ್ತಿದ್ದ. ಅವರಿಬ್ಬರ ಸ್ನೇಹವೇ ಹಾಗಿತ್ತು.

ಕರ್ನಾಟಕ ಒಂದಾಗುವ ವರ್ಷ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲೇ ಇದ್ದೆ, ಹದಿನಾರು ನಡೆಯುತ್ತಿತ್ತು. ಎಲ್ಲರಿಗೂ ಖುಷಿಯೇ, ಅದರಲ್ಲೇನೂ ಸಂಶಯವಿಲ್ಲ. ಆದರೆ ನಮ್ಮ ಓಣಿಯಲ್ಲಿ ಆ ಖುಷಿಯ ಕೆಳಗೆ ಒಂದು ಅಂಜಿಕೆ ಸದಾ ಕೊರೆಯುತ್ತಿತ್ತು. ನಾವು ನೇಯುವ ಹದಿನೆಂಟು ಮೊಳದ ಸೀರೆಯನ್ನು ಕೊಳ್ಳುವವರು ಸೊಲ್ಲಾಪುರ, ಪುಣೆ ಕಡೆಯ ಹೆಂಗಸರು. "ನಡುವ ಗಡಿ ಬಿದ್ದರ ನಮ್ಮ ಸೀರಿ ಯಾರು ಉಡಬೇಕು?" ಎಂದು ಅಪ್ಪ ಲಾಳಿ ನಿಲ್ಲಿಸಿ ಕೇಳುತ್ತಿದ್ದ. ಮುಂಡರಗಿಯಿಂದ ಬಂದ ನನ್ನ ಸೋದರತ್ತೆ, ನಿಜಾಮನ ಸೀಮೆಯಿಂದ ರಜಾಕಾರರಿಗೆ ಅಂಜಿ ಗಂಟು ಹೊತ್ತು ಹೊಳೆ ದಾಟಿ ಬಂದವರನ್ನು ಕಣ್ಣಾರೆ ಕಂಡವಳು, ಗಡಿ ಎಂಬ ಮಾತು ಕೇಳಿದರೆ ಸಾಕು, ಎದ್ದು ಹೋಗಿ ಹಿಟ್ಟಿನ ಡಬ್ಬಿಯಲ್ಲಿ ಕೈಯಾಡಿಸಿ ನೋಡುತ್ತಿದ್ದಳು. ನನಗೂ ರಾತ್ರಿ ಊಟ ಸೇರುತ್ತಿರಲಿಲ್ಲ. ಯಾತರ ಅಂಜಿಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮಾಸ್ತರರಿಗೆ ಇನ್ನೊಂದು ಸಂಕಟವಿತ್ತು. ಮುಂಬೈ ಕಡೆಗೆ ಹೋಗಬೇಕೆನ್ನುವ ನೌಕರರು ಅರ್ಜಿ ಕೊಡಬೇಕೆಂದು ಕಾಗದ ಬಂದಿತ್ತು. ಅಣ್ಣ ಬಾ ಬಾ ಎಂದು ಪತ್ರದ ಮೇಲೆ ಪತ್ರ ಹಾಕುತ್ತಿದ್ದ. ಅಪ್ಪ ಒಂದು ಸಂಜೆ, "ಏನ್ ಮಾಡಿದ್ರಿ ಮಾಸ್ತರ?" ಎಂದು ಕೇಳಿದ. "ನೋಡೂಣಂತ" ಎಂದು ಮಾಸ್ತರರು ದಡಿಯ ಹೂವಿಗೆ ಇನ್ನೊಂದು ಎಸಳು ಬರೆದರು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಆಗಲೇ ಅವರು ಪ್ರದರ್ಶನದ ಮಾತು ತೆಗೆದದ್ದು. ಶಾಲೆಯ ಹುಡುಗರಷ್ಟೇ ಅಲ್ಲ, ಓಣಿಯವರು, ಹಳ್ಳಿಯವರು, ಯಾರು ಬೇಕಾದರೂ ಒಂದೊಂದು ಚಿತ್ರ ಬರೆಯಬೇಕು, ಇನ್ನು ಮುಂದೆ ಏನಾದೀತು ಎಂದು ಅನಿಸುತ್ತದೋ ಅದನ್ನು. "ಅಂಜಿಕಿ ಹೊಟ್ಟ್ಯಾಗ ಇಟಗೊಂಡರ ಬೆಳೀತೈತಿ. ಕಾಗದಕ್ಕ ಇಳಸ್ರಿ, ಎಷ್ಟ ಉದ್ದ ಐತಿ ನೋಡೇಬಿಡೂಣು" ಎಂದು ಮನೆಮನೆಗೆ ಹೋಗಿ ಫಾರಂ ಹಂಚಿದರು.

ಎಂಥೆಂಥವು ಬಂದವು! ಹೊಂಬಳದ ರೈತನೊಬ್ಬ ಎತ್ತಿಗೆ ಎರಡು ತಲೆ ಬರೆದಿದ್ದ, ಒಂದು ಮುಂಬೈ ಕಡೆ, ಒಂದು ಮೈಸೂರು ಕಡೆ. ನನ್ನ ಸೋದರತ್ತೆ ಹೊಳೆ ಬರೆದು ಅದರ ತುಂಬ ಗಂಟುಗಳನ್ನೇ ಬರೆದಳು, ಮನುಷ್ಯರನ್ನು ಬರೆಯಲು ಬರುವುದಿಲ್ಲವೆಂದು. ಅಪ್ಪ ಪೆನ್ಸಿಲ್ ಮುಟ್ಟಲೇ ಇಲ್ಲ. ನಮ್ಮಲ್ಲಿ ಒಂದು ಹಾಸು, ಎಂದರೆ ಮಗ್ಗದ ಉದ್ದೆಳೆ, ಮುಗಿದರೆ ಬಾಚಣಿಗೆಯಂಥ ಹಣಿಗೆಯಿಂದ ಎಳೆಗಳನ್ನು ಪೂರ್ತಿ ಬಿಡಿಸುವುದಿಲ್ಲ. ಹಳೆಯ ತುದಿಗಳಿಗೆ ಹೊಸ ಹಾಸಿನ ಒಂದೊಂದೇ ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸುತ್ತೇವೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅಪ್ಪ ಒಂದು ಹಳೆಯ ಹಣಿಗೆಯಲ್ಲಿ ಅರ್ಧ ಎಳೆ ಕೆಚ್ಚಿ, ಇನ್ನರ್ಧ ಜೋತುಬಿಟ್ಟು, "ನನಗ ಬರೂದು ಇಷ್ಟ" ಎಂದು ತಂದಿಟ್ಟ. ಮಾಸ್ತರರು ಜೋತುಬಿದ್ದ ಎಳೆಗಳನ್ನು ಬೆರಳಿನಿಂದ ನೇವರಿಸಿದರು.

ಚಿತ್ರಗಳನ್ನು ತೂಗುಹಾಕುವ ಕೆಲಸ ನನ್ನದು. ಶಾಲೆಯ ಗೋಡೆಗೆ ಮೊಳೆ ಹೊಡೆಯಬಾರದೆಂದು ಹೆಡ್‌ಮಾಸ್ತರರ ಕಟ್ಟಪ್ಪಣೆ. ಹಾಗಾಗಿ ಉಳಿದ ಹಾಸಿನ ನೂಲನ್ನೇ ಹುರಿ ಮಾಡಿ ಶಾಲೆಯ ಹಾಲ್‌ನ ನಟ್ಟನಡುವೆ ಕಂಬದಿಂದ ಕಂಬಕ್ಕೆ ಕಟ್ಟಿದೆ. "ಟ್ರಂಕಿನ್ಯಾಗ ಮ್ಯಾಲಿನ ಚಿತ್ರದ ಕಟ್ಟು ಅಷ್ಟ ತಗೋ ತಂಗಿ" ಎಂದಿದ್ದರು ಮಾಸ್ತರರು. ತೆಗೆದೆ. ಕೆಳಗೆ ಇನ್ನೊಂದು ಹಾಳೆ ಕಂಡಿತು. ನಮ್ಮ ಓಣಿ, ನಮ್ಮ ಮನೆ, ಕಟ್ಟೆಯ ಮೇಲೆ ಕನ್ನಡಕ ಹಾಕಿದ ಮುದುಕನೊಬ್ಬ ಮಣೆಯ ಮೇಲೆ ಕೂತು ದಡಿ ಬರೆಯುತ್ತಿದ್ದಾನೆ. ಮೂಗು ನೋಡಿದರೆ ಗೊತ್ತಾಗುತ್ತಿತ್ತು, ಮುದುಕ ಅವರೇ. ನನಗೆ ಎಂಥ ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಮಾಸ್ತರರು ಎಲ್ಲೂ ಹೋಗುವುದಿಲ್ಲ! ಎಲ್ಲರ ಚಿತ್ರ ಇದ್ದು ಅವರದೇ ಇಲ್ಲದಿದ್ದರೆ ಹೇಗೆ ಎಂದು ಅದನ್ನೂ ನಡುವೆ ಸಿಕ್ಕಿಸಿದೆ. ಹಿಂದೆ ಮರಾಠಿ ಅಕ್ಷರ ಇತ್ತು. ಎಲ್ಲ ಹಾಳೆಗಳ ಹಿಂದೆಯೂ ಇತ್ತಲ್ಲ...

ಜನ ಹುರಿಯ ಎರಡೂ ಬದಿಗೆ ಅಡ್ಡಾಡಿದರು. ಹಿಂದಿನ ಬದಿಗೆ ಹೋದ ಹೆಡ್‌ಮಾಸ್ತರರು ಒಂದು ಕಡೆ ನಿಂತರು. "ಮಾಸ್ತರ, ಇದು ನಿಮ್ಮ ಅರ್ಜಿ ಅಲ್ಲೇನ್ರಿ? ನನ್ನನ್ನ ಮುಂಬೈ ಕಡೆ ಕಳಸ್ರಿ ಅಂತ ಐತಿ, ಸಹೀನೂ ಐತಿ. ನಾಳೇನ ಕಡೀ ದಿನ."

ಎರಡು ತಲೆಯ ಎತ್ತಿಗೆ ನಗುತ್ತಿದ್ದವರೂ ತಿರುಗಿ ನೋಡಿದರು.

"ಕಳಿಸಿಬಿಡ್ಲೇನ್ರಿ?" ಎಂದರು ಹೆಡ್‌ಮಾಸ್ತರರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದಿನ ತಪ್ಪೀತೆಂಬ ಕಾಳಜಿ ಅಷ್ಟೆ.

ಮಾಸ್ತರರು ಅಪ್ಪನ ಕಡೆ ನೋಡಿದರು. ಅಪ್ಪನಿಗೆ ಮುಖಕ್ಕೆ ಹೊಡೆದಂತಾಗಿತ್ತು. ತನಗೊಂದು ಮಾತು ಹೇಳದೆ ಅರ್ಜಿ ಬರೆದರಲ್ಲ ಎಂದು. ಅವನು ತನ್ನ ಹಣಿಗೆಯ ಜೋತುಬಿದ್ದ ಎಳೆಗಳನ್ನೇ ನೋಡುತ್ತಿದ್ದ. ಮಾಸ್ತರರು ಸೋದರತ್ತೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಟ್ರಂಕಿಗೆ ಕೈ ಹಾಕಿದ ಕಳ್ಳಿ, ಹುರಿಯ ಗಂಟಿನ ಕಡೆ ಮುಖ ತಿರುಗಿಸಿದೆ.

"ಕಳಸ್ರಿ" ಎಂದರು.

ಹೆಡ್‌ಮಾಸ್ತರರು ಹಾಳೆ ಬಿಡಿಸಿಕೊಂಡು ನೀಟಾಗಿ ಮಡಿಚಿ ಕಿಸೆಗಿಟ್ಟರು. ಕಟ್ಟೆಯ ಮೇಲಿನ ಮುದುಕ ಮಡಿಕೆಯ ಒಳಗೆ ಹೋದ.

ಮಾಸ್ತರರು ಹೊರಟ ದಿನ ಸ್ಟೇಷನ್ನಿಗೆ ಟ್ರಂಕು ಮುಟ್ಟಿಸಲು ಅಪ್ಪನೂ ನಾನೂ ಹೋದೆವು. ಟ್ರಂಕು ಹಗುರಾಗಿತ್ತು, ಫಾರಂಗಳೆಲ್ಲ ಖರ್ಚಾಗಿದ್ದವು. ಅಪ್ಪ ನೀರು ತರಲು ಹೋದಾಗ ನಾನು ಅಳುತ್ತ ತಪ್ಪೊಪ್ಪಿಕೊಂಡೆ. "ನಿನ್ನ ಮ್ಯಾಲೆ ಸಿಟ್ಟಿಲ್ಲ ತಂಗಿ. ಅರ್ಜಿ ಬರದೆ, ಕೊಡಾಕ ಮನಸ್ಸಾಗಲಿಲ್ಲ. ಹರದು ಒಗಿಯೂ ಬದಲಿ ಹಿಂದ ಚಿತ್ರ ಬರದೆ" ಎಂದರು.

"ಹಂಗಿದ್ರ ಅಲ್ಲೇ ಯಾಕ ಹೇಳಲಿಲ್ರಿ?"

"ಯಾರರೆ ಒಬ್ಬರು ಇರ್ರಿ ಅಂತಾರೇನೋ ಅಂತ ನೋಡಿದೆ."

ಗಾಡಿ ಬಂತು. ಅಪ್ಪ ತಂಬಿಗೆ ಹಿಡಿದು ಓಡಿ ಬಂದ, ಮಾಸ್ತರರು ನೀರು ಕುಡಿದರು, ಹತ್ತಿದರು. ಮನೆಗೆ ಬರುವಾಗ ಅವರ ಮಾತು ಅಪ್ಪನಿಗೆ ಹೇಳಿದೆ. ಅಪ್ಪ ಟಾಂಗಾದಲ್ಲಿ ಮೋರೆ ಆಚೆ ತಿರುಗಿಸಿಕೊಂಡು ಕೂತವನು ಓಣಿ ಬರುವವರೆಗೆ ತಿರುಗಲಿಲ್ಲ. ಒಂದೆರಡು ಕಾಗದ ಬಂದವು... ಆಮೇಲೆ ಅವೂ ನಿಂತವು.

ಗಡಿ ಬಿತ್ತು. ಸೀರೆ ಹೋಗುವುದು ನಿಲ್ಲಲಿಲ್ಲ. ಸೊಲ್ಲಾಪುರದವರು ಮೊದಲಿನಂತೆಯೇ ಕೊಂಡರು. ನಾವು ಅಂಜಿದ್ದರಲ್ಲಿ ನಡೆದದ್ದು ಮಾಸ್ತರರು ಹೋದದ್ದೊಂದೇ, ಅದನ್ನೂ ನಾವೇ ಮಾಡಿಕೊಂಡೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮದು ಆಡದೆ ಹೋಯಿತು.

ಪೇಂಟರ್ ಮಧ್ಯಾಹ್ನಕ್ಕೆ ಕೆಲಸ ಮುಗಿಸಿ ಬ್ರಷ್ ತೊಳೆದುಕೊಂಡ. "ಬರ್ತೀನ್ರಿ ಅವ್ವಾರ" ಎಂದ. "ಇರೋ ತಮ್ಮಾ, ಏನ್ ಅವಸರ? ಕುಂಡ್ರು" ಎಂದೆ. ಮೊಮ್ಮಗಳು ಒಳಗಿನಿಂದ ನಕ್ಕಳು. ಮನೆಗೆ ಯಾರು ಬಂದು ಎದ್ದು ನಿಂತರೂ ನಾನು ಹೀಗೇ ಅನ್ನುತ್ತೇನೆ. ಹಾಲಿನವನಿಗೂ, ಮೀಟರ್ ನೋಡಲು ಬಂದವನಿಗೂ. ಆಯಿಗೆ ಇದೊಂದು ಚಟ ಎಂದು ಮನೆಯವರ ಲೆಕ್ಕ. ಪೇಂಟರ್ ಪಾಪ, ಮತ್ತೆ ಕೂತ. ಚಹಾ ಆಗುವವರೆಗೂ ಇದ್ದ.