ನಾನು ಗಾಡಿ ಕಲಿಸಿದ ಅಕ್ಕೋರು

ಅಕ್ಕೋರ ತಲೆಗೆ ಹೆಲ್ಮೆಟ್ ಎಂದೂ ಸರಿಯಾಗಿ ಕೂಡಲಿಲ್ಲ. ಗಾಡಿ ಸಣ್ಣ ತಗ್ಗಿಗೆ ಇಳಿದರೂ ಅದು ಜಾರಿ ಕನ್ನಡಕ ಮುಚ್ಚುತ್ತಿತ್ತು. ಅವರು ಒಂದು ಕೈ ಬಿಟ್ಟು ಅದನ್ನು ಮೇಲೆ ತಳ್ಳಿಕೊಳ್ಳುವಾಗ ಹಿಂದೆ ಕೂತ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಇಂಡಿ ಪಟ್ಟಣದಲ್ಲಿ ನನ್ನದು ಗಾಡಿ ರಿಪೇರಿ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಟ್ಟು ತಿರುವುವ ಪಾನಾ ಹಿಡಿದವನು ನಾನು. ಅಂಗಡಿ ನನ್ನ ದುಡಿಮೆಯದು, ಯಾರ ಹಂಗೂ ಇಲ್ಲ. ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದೆ. ಒಂದು ಸಂಜೆ ಅವಳು ಅಂಗಡಿಗೇ ಪುಸ್ತಕ ತಂದು, “ಅಪ್ಪಾ, ಇಲ್ಲಿ ‘ಐ ವೆಂಟ್’ ಬರತೈತೋ, ‘ಐ ವಾಸ್ ಗೋಯಿಂಗ್’ ಬರತೈತೋ?” ಎಂದಳು. ನನಗೆ ತಿಳಿಯಲಿಲ್ಲ. “ನಿಮ್ಮ ಟೀಚರ್‌ನ ಕೇಳು ಹೋಗು” ಎಂದು ಗದರಿದೆ. ಅಂದಿನಿಂದ ಅವಳು ನನ್ನ ಹತ್ತಿರ ಪುಸ್ತಕ ತರುವುದನ್ನೇ ಬಿಟ್ಟಳು. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಕ್ಕೋರದು ಅಂಗಡಿಯ ಎದುರು ಮನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನನ್ನ ಗದರಿಕೆ ಅವರ ಕಿವಿಗೂ ಬಿದ್ದಿರಬೇಕು. ಕೆಲವು ದಿನ ಬಿಟ್ಟು ಬಂದರು.

“ನನಗ ಸ್ಕೂಟಿ ಕಲಸ್ತೀಯೇನಪಾ? ಸಾಲೋಟಗಿಗೆ ಅಕ್ಕನ ಮನಿಗೆ ಹೋಗಾಕ ಯಾರ ಮುಂದೂ ಹಲ್ಲು ಕಿರಿಯೂದು ಬ್ಯಾಡ ನನಗ.”

“ಈ ವಯಸ್ಸಿನ್ಯಾಗ ಯಾಕ್ರಿ ಅಕ್ಕೋರ?”

“ಕಲಿಯಾಕ ಬಂದವರ ವಯಸ್ಸ ಕೇಳಾಂವ ನೀ ಯಾವ ಸೀಮಿ ಮಾಸ್ತರೋ! ಫೀ ಕೊಡಂಗಿಲ್ಲ ನೋಡು. ಬದಲಿಗೆ ಇಂಗ್ಲಿಷ್ ಕಲಸ್ತೇನಿ. ಯಾರ ಮುಂದೂ ಹೇಳೂದಿಲ್ಲ.”

ಆ ಕೊನೆಯ ಮಾತಿಗೆ ನಾನು ಒಪ್ಪಿಬಿಟ್ಟೆ.

ನಸುಕಿನಲ್ಲಿ ಸಾಲೋಟಗಿ ರಸ್ತೆಗೆ ಹೋಗುತ್ತಿದ್ದೆವು. ಒಂದು ದಿನ ನಾಯಿಯೊಂದು ಅಡ್ಡ ಬಂತು. ಅಕ್ಕೋರು ಬ್ರೇಕ್ ಹಿಡಿಯುವ ಬದಲು ಎಕ್ಸಲೇಟರ್ ತಿರುವಿದರು. ಇಬ್ಬರೂ ನಿಂಬೆ ತೋಟದ ಒಡ್ಡಿನ ಮೇಲೆ ಬಿದ್ದೆವು.

“ಪೆಟ್ಟಾತೇನ್ರಿ ಅಕ್ಕೋರ?” ಎಂದು ಓಡಿದೆ. ಹೆಲ್ಮೆಟ್ಟಿನೊಳಗಿಂದಲೇ ದನಿ ಬಂತು:

“ಅದಿರಲಿ. ನಾಯಿ ಬಂದಾಗ ನಾವೇನು ಮಾಡಾಕತ್ತಿದ್ವಿ?”

“ಗಾಡಿ ಹೊಡ್ಯಾಕತ್ತಿದ್ವಿರಿ.”

“ಹಾಂ. ಅದಿನ್ನೂ ನಡದಿತ್ತು. ವಿ ವರ್ ರೈಡಿಂಗ್. ನಾಯಿ?”

“ಬಂತ್ರಿ.”

“ಬಂತು, ಮುಗೀತು. ದ ಡಾಗ್ ಕೇಮ್. ನಾವು?”

“ಬಿದ್ವಿರಿ.”

“ವಿ ಫೆಲ್. ಇಷ್ಟೇ ಐತಿ. ನಿನ್ನ ಬಾಯಾಗ ಮೊದಲ ಇತ್ತು, ಹೊರಗ ತರಾಕ ಒಂದು ನಾಯಿ ಬರಬೇಕಾತು.”

ಆ ಸಂಜೆ ಮಗಳ ಪುಸ್ತಕವನ್ನು ನಾನೇ ಕೇಳಿ ತೆಗೆದುಕೊಂಡೆ. ನಾಯಿಯ ಕಥೆಯನ್ನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ನಕ್ಕು, ನನ್ನ ಮಗ್ಗುಲಿಗೆ ಸರಿದು ಮುಂದಿನ ಪಾಠ ತೆಗೆದಳು.

ಅಕ್ಕೋರು ಗಾಡಿ ಕಲಿತರು. ಸಂತೆಯಲ್ಲಿ ಸಿಕ್ಕರೆ ನಾಲ್ಕು ಜನರಿಗೆ ನನ್ನನ್ನು ತೋರಿಸಿ, “ಇವ ನನ್ನ ಗುರು” ಎನ್ನುತ್ತಿದ್ದರು. ತಾವು ನನಗೆ ಕಲಿಸಿದ್ದನ್ನು ಮಾತ್ರ ಎಲ್ಲೂ ಎತ್ತಲಿಲ್ಲ. ನಾನೂ ಬೀಗುತ್ತ ನಿಲ್ಲುತ್ತಿದ್ದೆ.

ಹೋದ ಚಳಿಗಾಲ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದು ಅವರ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು. ಸಾಲೋಟಗಿಯ ಅವರ ಅಕ್ಕ ನನ್ನ ಕಡೆ ಕೈ ತೋರಿಸಿ, “ಇವರ ನೋಡ್ರಿ, ನಮ್ಮ ತಂಗಿಗೆ ಗಾಡಿ ಕಲಸಿದ ಮಾಸ್ತರು. ಇವರಿಂದ ಆಕಿ ಮನಸ್ಸಾದಾಗೆಲ್ಲ ನನ್ನ ಮನಿಗೆ ಬಂದ್ಲು” ಎಂದರು. ನಮ್ಮ ಓಣಿಯೆಲ್ಲ ಅಲ್ಲೇ ಇತ್ತು, ಮಗಳೂ ಇದ್ದಳು.

ನಾನು ಎದ್ದು ನಿಂತೆ. “ಅಲ್ರಿ ಅವ್ವಾರ. ಅವರು ನನ್ನ ಮಾಸ್ತರು. ನಾ ಇಂಗ್ಲಿಷ್ ಕಲಿತದ್ದು ಅವರ ಕಡೆ.”

“ಹೌದಾ? ನನ್ನ ಮುಂದ ಒಮ್ಮೆನೂ ಅಂದಿಲ್ಲಲ್ಲ ಆಕಿ!”

“ಅನ್ನೂದಿಲ್ಲ ಅಂತ ನನಗ ಮಾತ ಕೊಟ್ಟಿದ್ರು” ಎಂದೆ.